ಹನಿಯೋ, ಮೂಗಿನ ಸ್ಪ್ರೇಯೋ: ಖಿನ್ನತೆಗೆ ಕೆಟಮಿನ್ ಕೊಡುವ ದಾರಿಗಳು

ಯೇಲ್ ವಿಶ್ವವಿದ್ಯಾಲಯದ ವೈದ್ಯರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದದ್ದು ಬೆರಳೆಣಿಕೆಯ ರೋಗಿಗಳು. ದೇಹತೂಕದ ಪ್ರತಿ ಕಿಲೋಗೆ 0.5 ಮಿಲಿಗ್ರಾಂ ಕೆಟಮಿನ್ ಅನ್ನು 40 ನಿಮಿಷಗಳ ಕಾಲ ಹನಿಹನಿಯಾಗಿ ರಕ್ತನಾಳಕ್ಕೆ ಇಳಿಸಿದರು. ಮಾಮೂಲಿ ಮಾತ್ರೆಗಳು ಕೆಲಸ ಮಾಡಲು ವಾರಗಟ್ಟಲೆ ಬೇಕು. ಇಲ್ಲಿ ಗಂಟೆಗಳಲ್ಲೇ ಖಿನ್ನತೆ ತಗ್ಗತೊಡಗಿತು. 1970ರಿಂದ ಅರಿವಳಿಕೆಯಾಗಿ ಬಳಕೆಯಲ್ಲಿದ್ದ ಹಳೇ ಮದ್ದು ಮನೋವೈದ್ಯರ ಕಣ್ಣಿಗೆ ಬಿದ್ದದ್ದು ಹೀಗೆ. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಕಾರ್ಲೋಸ್ ಜರಾಟೆ ತಂಡ ಇದೇ ಪ್ರಮಾಣ ಕೊಟ್ಟು ಇಂಥದೇ ಫಲ ಕಂಡಿತು. ಆದರೆ ಹಲವರಲ್ಲಿ ಆ ಗುಣ ಒಂದು ವಾರವೂ ಉಳಿಯಲಿಲ್ಲ.

ಅಂದರೆ ಮದ್ದನ್ನು ಮತ್ತೆ ಮತ್ತೆ ಕೊಡಬೇಕು. ಪ್ರತಿ ಸಲವೂ ಡ್ರಿಪ್ ಹಾಕಿ ಕೂರಿಸುವುದು ಸುಲಭವಲ್ಲ. ಇನ್ನೊಂದು ತೊಡಕು ದುಡ್ಡಿನದು: ಪೇಟೆಂಟ್ ಮುಗಿದ ಅಗ್ಗದ ಮದ್ದಿನ ಮೇಲೆ ದೊಡ್ಡ ಪ್ರಯೋಗಕ್ಕೆ ಯಾವ ಕಂಪನಿ ಹಣ ಹಾಕೀತು? ಕೆಟಮಿನ್ ಅಣುವಿಗೆ ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾದ ಎರಡು ರೂಪಗಳಿವೆ. ಅವುಗಳಲ್ಲಿ ಒಂದನ್ನು, ಎಸ್ಕೆಟಮಿನ್ ಅನ್ನು, ಜಾನ್ಸನ್ ಅಂಡ್ ಜಾನ್ಸನ್ ಮೂಗಿನ ಸ್ಪ್ರೇ ಮಾಡಿತು. 2019ರ ಮಾರ್ಚ್‌ನಲ್ಲಿ 'ಸ್ಪ್ರವಾಟೊ' ಹೆಸರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಸೂಜಿ ತಪ್ಪಿತು, ಆಸ್ಪತ್ರೆ ತಪ್ಪಲಿಲ್ಲ: ಸ್ಪ್ರೇ ಎಳೆದುಕೊಂಡ ಮೇಲೆ ಕನಿಷ್ಠ 2 ಗಂಟೆ ಅಲ್ಲೇ ನಿಗಾದಲ್ಲಿರಬೇಕು, ಆ ದಿನ ವಾಹನ ಓಡಿಸುವಂತಿಲ್ಲ. ಮೂಗಿನ ದಾರಿ ಗೆದ್ದದ್ದು ವಿಜ್ಞಾನದಿಂದ ಎಷ್ಟೋ, ಪೇಟೆಂಟಿನಿಂದಲೂ ಅಷ್ಟೇ ಎಂಬುದು ನನ್ನ ಗುಮಾನಿ.

ಯಾವುದು ಮೇಲು? ರಕ್ತನಾಳಕ್ಕೆ ಕೊಟ್ಟದ್ದೆಲ್ಲ ದೇಹಕ್ಕೆ ಸೇರುತ್ತದೆ. ಸ್ನಾಯುವಿಗೆ ಚುಚ್ಚಿದರೆ ಶೇ. 90ಕ್ಕೂ ಹೆಚ್ಚು, ಮೂಗಿನಿಂದ ಸುಮಾರು ಅರ್ಧ. ನುಂಗಿದರೆ ಬಹುಪಾಲು ಯಕೃತ್ತಿನಲ್ಲೇ ಮಾರ್ಪಟ್ಟು, ಐದರಲ್ಲೊಂದು ಪಾಲು ಉಳಿದರೆ ಹೆಚ್ಚು. 2021ರಲ್ಲಿ ಬಂದ ಒಂದು ಸಮಗ್ರ ವಿಶ್ಲೇಷಣೆ ಡ್ರಿಪ್ ಕಡೆಗೇ ವಾಲಿತು. ಆದರೆ ಅದು ಬೇರೆಬೇರೆ ಪ್ರಯೋಗಗಳ ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ಮಾಡಿದ ತೂಕ. ಒಂದೇ ಪ್ರಯೋಗದಲ್ಲಿ ಎದುರುಬದುರು ನಿಲ್ಲಿಸಿದ್ದಲ್ಲ.

ಕೋವಿಡ್ ಕಾಲದಲ್ಲಿ ಅಮೆರಿಕ ಆನ್‌ಲೈನ್ ವೈದ್ಯಕೀಯದ ನಿಯಮ ಸಡಿಲಿಸಿದ್ದೇ ತಡ, ನಾಲಿಗೆಯಡಿ ಇಟ್ಟುಕೊಳ್ಳುವ ಕೆಟಮಿನ್ ಗುಳಿಗೆ ಅಂಚೆಯಲ್ಲಿ ಮನೆಗೇ ಬರತೊಡಗಿತು. ಮನೆಯಲ್ಲಿ ರಕ್ತದೊತ್ತಡ ಏರಿದರೆ, ಮಂಪರು ಕವಿದರೆ ನೋಡಿಕೊಳ್ಳುವವರಾರು? 2023ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಎಚ್ಚರಿಸಬೇಕಾಯಿತು. ಭಾರತದಲ್ಲಿ ಕೆಟಮಿನ್ 2013ರಿಂದ ಬಿಗಿ ನಿಯಂತ್ರಣದ ಷೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ.

ಅಗ್ಗದ ದಾರಿಯೊಂದನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಕಾಲೀನ್ ಲೂ ತಂಡ ಪರೀಕ್ಷಿಸಿತು: ಹಳೇ ಕೆಟಮಿನ್ ಅನ್ನೇ ಚರ್ಮದಡಿ ಚುಚ್ಚುವುದು. 2023ರ ವರದಿಯಂತೆ, ಪ್ರಮಾಣವನ್ನು ರೋಗಿಗೆ ತಕ್ಕಂತೆ ಪ್ರತಿ ಕಿಲೋಗೆ 0.9 ಮಿಲಿಗ್ರಾಂವರೆಗೆ ಏರಿಸುತ್ತ ಹೋದಾಗ ಸುಮಾರು ಐವರಲ್ಲೊಬ್ಬರು ಖಿನ್ನತೆಯಿಂದ ಹೊರಬಂದರು. ಹೋಲಿಕೆಗೆಂದು ಮಂಪರು ತರಿಸುವ ಮಿಡಜೋಲಂ ಎಂಬ ಬೇರೆ ಮದ್ದು ಪಡೆದವರಲ್ಲಿ ಹಾಗೆ ಹೊರಬಂದವರು ಶೇ. 2ರಷ್ಟು.