ಪ್ರಯಾಣಕ್ಕೆ ಸ್ಟ್ರಿಪ್ಪಿಂಗ್ ಬಾಸ್ಕೆಟ್: ಮೊದಲು ತಳ ನೋಡಿ

ಬೇಸಿಗೆ ಶುರುವಾಗುವ ಮುಂಚೆ, ನನ್ನ ಹತ್ತಿರ ಫ್ಲೈ ಫಿಶಿಂಗ್‌ನ ಕಾಸ್ಟಿಂಗ್ (ಲೈನ್ ಎಸೆಯುವುದು) ಕಲಿಯುವವರಲ್ಲಿ ಬಹಳ ಜನ ಒಂದೇ ಪ್ರಶ್ನೆ ಕೇಳುತ್ತಾರೆ. ಅಮೆರಿಕದ ಕೇಪ್ ಕಾಡ್ ಕರಾವಳಿಗೆ ಸ್ಟ್ರೈಪ್ಡ್ ಬಾಸ್ ಮೀನು ಹಿಡಿಯಲು ವಿಮಾನದಲ್ಲಿ ಬರುತ್ತಿದ್ದೇವೆ, ಮಡಚಿ ಇಡುವ ಬಾಸ್ಕೆಟ್‌ಗಳಲ್ಲಿ ಯಾವುದು ಒಳ್ಳೆಯದು? ಮಡಚುವ ವಿಚಾರ ಆಮೇಲೆ, ಮೊದಲು ತಳ ಹೇಗಿದೆ ನೋಡಿ ಎನ್ನುತ್ತೇನೆ. ಸ್ಟ್ರಿಪ್ಪಿಂಗ್ ಬಾಸ್ಕೆಟ್ ಅಂದರೆ ಎಸೆದ ಲೈನನ್ನು ವಾಪಸ್ ಎಳೆಯುವಾಗ ಅದು ಬೀಳಲೆಂದು ಸೊಂಟಕ್ಕೆ ಕಟ್ಟಿಕೊಳ್ಳುವ ಬುಟ್ಟಿ.

ಫ್ಲೈ ಫಿಶಿಂಗ್‌ನಲ್ಲಿ ಫ್ಲೈ ಎನ್ನುವ ಗಾಳಕ್ಕೆ ತೂಕವೇ ಇಲ್ಲ ಎನ್ನಬಹುದು, ತೂಕ ಇರುವುದು ಲೈನ್‌ಗೆ. ಲೈನ್ ಎಸೆದರೆ ಅದರ ಹಿಂದೆ ಗಾಳ ಹೋಗುತ್ತದೆ. ಆಮೇಲೆ ಅದನ್ನು ಕೈಯಿಂದ ಚೂರು ಚೂರೇ ಎಳೆದುಕೊಳ್ಳಬೇಕು. ಎಳೆದ ಲೈನ್ ಕಾಲ ಬುಡದಲ್ಲಿ ಬೀಳುತ್ತದೆ. ನಿಂತ ನೀರಿನಲ್ಲಿ ಇದೇನೂ ತೊಂದರೆಯಲ್ಲ. ಆದರೆ ಕೇಪ್ ಕಾಡ್‌ನ ನಾಸೆಟ್ ಬೀಚಿನಲ್ಲಿ ವಾಪಸ್ ಹೋಗುವ ಅಲೆ ಲೈನನ್ನು ಕಾಲಿಗೆ ಸುತ್ತಿಬಿಡುತ್ತದೆ. ರೋಡ್ ಐಲೆಂಡ್‌ನ ಕಲ್ಲುಕಟ್ಟೆಗಳ ಮೇಲಾದರೆ ಲೈನ್ ಬಂಡೆಸಂದಿಗೆ ಜಾರಿ, ಅಲ್ಲಿ ಅಂಟಿಕೊಂಡ ಚಿಪ್ಪುಗಳಿಗೆ ಉಜ್ಜಿ ಅದರ ಹೊರಪದರ ಹರಿದುಹೋಗುತ್ತದೆ. ಎಲ್ಲೂ ಸಿಕ್ಕಿಕೊಳ್ಳದಿದ್ದರೂ ನೀರಿನ ಮೇಲೆ ಬಿದ್ದ ಲೈನನ್ನು ನೀರು ಸುಲಭಕ್ಕೆ ಬಿಡುವುದಿಲ್ಲ. ಮುಂದಿನ ಎಸೆತ ಮೀನಿನ ತನಕ ತಲುಪುವುದೇ ಇಲ್ಲ. ಅದಕ್ಕೇ ಸೊಂಟಕ್ಕೊಂದು ಬಾಸ್ಕೆಟ್ ಬೇಕು.

ಲೈನ್ ಬಾಸ್ಕೆಟ್‌ಗೆ ಬಿದ್ದರೆ ಸಾಲದು, ಬಿದ್ದ ಜಾಗದಲ್ಲೇ ಇರಬೇಕು. ನಾವು ಎರಡು ಹೆಜ್ಜೆ ನಡೆದರೆ, ಎಸೆಯುವಾಗ ಸೊಂಟ ತಿರುಗಿದರೆ ಸುರುಳಿಗಳೆಲ್ಲ ಒಂದು ಮೂಲೆಗೆ ಜಾರುತ್ತವೆ. ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಮುಂದಿನ ಎಸೆತಕ್ಕೆ ಗಂಟು ಎದ್ದುಬಂದು ರಾಡಿನ ಮೊದಲ ಉಂಗುರದಲ್ಲಿ ಸಿಕ್ಕಿಕೊಳ್ಳುತ್ತದೆ. ಶೂಟಿಂಗ್ ಹೆಡ್ (ದೂರ ಎಸೆಯಲು ಬಳಸುವ ಭಾರದ ಮುಂಭಾಗದ ಲೈನ್) ಹಿಂದಿನ ತೆಳು ಲೈನ್ ಆದರಂತೂ ಕೇಳಲೇಬೇಡಿ. ತಳದಲ್ಲಿ ಬೆರಳಿನಂತೆ ನಿಂತ ಕಡ್ಡಿಗಳೋ ಶಂಕುಗಳೋ ಇರುವುದು ಈ ಜಾರಾಟ ತಡೆಯುವುದಕ್ಕೆ.

ಮಡಚುವ ಬಟ್ಟೆ ಬಾಸ್ಕೆಟ್‌ಗಳು ಸೋಲುವುದು ಇಲ್ಲೇ. ತಳ ಮಧ್ಯದಲ್ಲಿ ಜೋಲು ಬೀಳುತ್ತದೆ, ಸುರುಳಿಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಬಲೆಯಂಥ ಬಟ್ಟೆಯಾದರೆ ಗಾಳದ ಕೊಕ್ಕೆಯೂ ಕಚ್ಚಿಕೊಳ್ಳುತ್ತದೆ. ತಳಕ್ಕೆ ಗಟ್ಟಿ ಹಲಗೆ ಹಾಕಿರುವವೂ ಇವೆ, ಅವು ಪರವಾಗಿಲ್ಲ. ಅಂಗಡಿಯಲ್ಲೇ ಸೊಂಟಕ್ಕೆ ಕಟ್ಟಿಕೊಂಡು ಅಂಗೈಯಿಂದ ತಳವನ್ನು ಒತ್ತಿ ನೋಡಿ. ಜಗ್ಗಿದರೆ ಅಲ್ಲೇ ಬಿಟ್ಟು ಬನ್ನಿ.

ಬಟ್ಟೆ ಬಾಸ್ಕೆಟ್ ಬದಲು ಗಟ್ಟಿ ಪ್ಲಾಸ್ಟಿಕ್ ಟಬ್ಬನ್ನೇ ಸೊಂಟಕ್ಕೆ ಕಟ್ಟಿಕೊಳ್ಳಬಹುದು. ಅದನ್ನು ಒಯ್ಯುವುದು ಕಷ್ಟ ಅಂತ ತುಂಬಾ ಜನ ಸುಮ್ನೆ ಹೆದರುತ್ತಾರೆ. ಪಾತ್ರೆ ತೊಳೆಯುವ ಟಬ್, ಸುಮಾರು 14 ಇಂಚು ಉದ್ದ, 11 ಇಂಚು ಅಗಲ, 5 ಇಂಚು ಆಳದ್ದು, ಈ ಕೆಲಸಕ್ಕೆ ಸರಿಯಾದ ಅಳತೆ. ಸೂಟ್‌ಕೇಸಿನಲ್ಲಿ ಅದರ ಹೊಟ್ಟೆ ಖಾಲಿ ಇರಬೇಕಾಗಿಲ್ಲವಲ್ಲ. ರೀಲು, ಫ್ಲೈ ಡಬ್ಬಿ, ಜ್ಯಾಕೆಟ್ಟು ಎಲ್ಲ ಅದರೊಳಗೇ ಇಡಿ. ಕೊಳ್ಳುವ ಮುಂಚೆ ಸೂಟ್‌ಕೇಸಿನ ಒಳಗಿನ ಅಗಲ ಅಳೆಯಿರಿ. ಎಳೆಯುವ ಹಿಡಿಯ ಕೊಳವೆಗಳು ಒಳಗೆ ಉಬ್ಬಿಕೊಂಡಿರುತ್ತವೆ, ಟಬ್ ಕೂರದೇ ಹೋಗುವುದು ಅದರಿಂದಲೇ.

ತಳದ ಕಡ್ಡಿಗಳನ್ನು ಟಬ್ಬಿಗೇ ಕಾಯಂ ಆಗಿ ಅಂಟಿಸಿದರೆ ಒಳಗೆ ಸಾಮಾನು ಇಡುವುದು ಕಷ್ಟ. ಆದ್ದರಿಂದ ತಳವನ್ನು ಬೇರೆಯಾಗಿ ಮಾಡಿಕೊಳ್ಳಿ. ನನಗೆ ತುಂಬಾ ಮೆಚ್ಚಿಗೆಯಾದ ಕ್ರಮ ಇದು. ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆ ಒಂದನ್ನು ಟಬ್ಬಿನ ತಳದ ಅಳತೆಗೆ ಕತ್ತರಿಸಿ. ಬಳುಕುವ ತೆಳು ಹಾಳೆಯಂಥದ್ದು ಬೇಡ. ಹುಲ್ಲು ಹೊಡೆಯುವ ಮಷೀನಿನ ನೈಲಾನ್ ದಾರ ತನ್ನಿ, 2.4 ಮಿಲಿಮೀಟರ್ ದಪ್ಪದ್ದು. ಮಣೆಗೆ ಜೋಡಿ ತೂತು ಕೊರೆದು, ಒಂದು ತುಂಡು ದಾರವನ್ನು ಬಗ್ಗಿಸಿ ಅದರ ಎರಡೂ ತುದಿಯನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿ. ಮೇಲೆ 7-8 ಸೆಂಟಿಮೀಟರ್ ನಿಲ್ಲಬೇಕು. ಇಂಥ ಹತ್ತು ಹನ್ನೆರಡು ಜೋಡಿಗಳನ್ನು ತಳದ ತುಂಬ ಹರಡಿ. ಬಗ್ಗಿದ ಭಾಗ ಮಣೆಗೆ ತಡೆಯುವುದರಿಂದ ದಾರ ಮೇಲೆ ಬರುವುದಿಲ್ಲ. ಕೆಳಗೆ ಟಬ್ ಇರುವುದರಿಂದ ಬಿದ್ದೂ ಹೋಗುವುದಿಲ್ಲ. ಅಂಟು ಬೇಕಾಗಿಲ್ಲ. ತೂತು ಮಾತ್ರ ಬಿಗಿಯಾಗಿರಲಿ. ದಾರದ ತುದಿಗೆ ಲೈಟರಿನ ಬಿಸಿ ತಾಗಿಸಿ ದುಂಡಗೆ ಮಾಡಿ, ಇಲ್ಲದಿದ್ದರೆ ಚೂಪು ಅಂಚು ಲೈನನ್ನು ಗೀಚುತ್ತದೆ.

ಟಬ್ಬಿನ ನಾಲ್ಕು ಮೂಲೆಗೆ ತೂತು ಮಾಡಿ ಮಣೆಯನ್ನು ಕೇಬಲ್ ಟೈಗಳಿಂದ ಕಟ್ಟಿದರೆ ಮುಗಿಯಿತು. ಬಿಚ್ಚಿದಾಗ ಮಣೆ ಸೂಟ್‌ಕೇಸಿನ ಅಡಿಯಲ್ಲಿ ಚಪ್ಪಟೆಯಾಗಿ ಕೂರುತ್ತದೆ, ನೈಲಾನ್ ತುಂಡುಗಳು ಕಾಲುಚೀಲವೊಂದರಲ್ಲಿ. ಹ್ಯಾಂಡ್ ಬ್ಯಾಗ್ ಒಂದರಲ್ಲೇ ಬರುವವರು ಟಬ್ ತರುವುದೇ ಬೇಡ. ಮಣೆ, ದಾರ, ಬೆಲ್ಟ್ ಇದ್ದರೆ ಸಾಕು. ಟಬ್ ಯಾವ ಊರಿನಲ್ಲೂ ಸಿಗುತ್ತದೆ, ಮೂಲೆಯ ತೂತು ನಾಲ್ಕನ್ನು ಅಲ್ಲೇ ಮಾಡಿಕೊಳ್ಳಬಹುದು. ಮಡಚುವ ಸಿಲಿಕೋನ್ ಟಬ್ ಕೂಡ ಈ ಮಣೆ ಕೂತ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಚಳಿಗಾಲದಲ್ಲಿ ಡೆನ್ಮಾರ್ಕಿನ ಫ್ಯೂನ್ ದ್ವೀಪಕ್ಕೆ ಸೀ ಟ್ರೌಟ್ ಮೀನಿಗೆಂದು ಹೋಗುವವರು ಟಬ್ಬಿನ ಅಡಿಯ ಗುರುತು ನೋಡಿ ಪಾಲಿಎಥಿಲೀನನ್ನೇ ಆರಿಸಿ. ಪಾಲಿಪ್ರೊಪಿಲೀನ್ ಸೊನ್ನೆ ಡಿಗ್ರಿ ಹತ್ತಿರ ಪೆಡಸಾಗಿ ಬಿರುಕು ಬಿಡಬಹುದು.

ನೀರು ಹೋಗುವ ತೂತು ಬೇಕೋ ಬೇಡವೋ ಎಂದು ವಾದ ಮಾಡುವವರಿದ್ದಾರೆ. ದಡದಲ್ಲಿ ಅಲೆ ಮೇಲಿಂದ ಹೊಡೆದು ತುಂಬುವ ಕಡೆ ಬೇಕೇ ಬೇಕು. ಸೊಂಟದ ತನಕ ನೀರಿಗಿಳಿದು ನಿಲ್ಲುವವರಿಗೆ ಅದೇ ತೂತಿನಿಂದ ನೀರು ಒಳಗೆ ಬರುತ್ತದೆ, ಲೈನ್ ತೇಲಿ ಕಲಸಿಹೋಗುತ್ತದೆ. ಅಷ್ಟು ಆಳಕ್ಕೆ ಇಳಿಯಬೇಡಿ ಅನ್ನುವುದೇ ನನ್ನ ಸಲಹೆ, ಬಾಸ್ ಬಹಳ ಸಲ ದಡಕ್ಕೆ ತೀರಾ ಹತ್ತಿರ ಬರುತ್ತದೆ.

ಟಬ್ಬನ್ನು ಸೊಂಟಕ್ಕೆ ಕಟ್ಟುವ ಬೆಲ್ಟ್ ಬಗ್ಗೆ ಮಾತ್ರ ನಾನು ಹಟ ಹಿಡಿಯುತ್ತೇನೆ. ಈ ಅಳತೆಯ ಟಬ್ ತುಂಬಿದರೆ 12 ಲೀಟರಿಗೂ ಜಾಸ್ತಿ ನೀರು, ಅಂದರೆ 12 ಕಿಲೋ. ಅಲೆ ಬೀಳಿಸಿದಾಗ ಅದು ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಎಲಾಸ್ಟಿಕ್ ಹಗ್ಗವನ್ನು ಗಂಟು ಹಾಕಿ ಕಟ್ಟಿಕೊಳ್ಳಬೇಡಿ. ಒಂದೇ ಕೈಯಲ್ಲಿ ಒತ್ತಿದರೆ ಬಿಚ್ಚುವ ಬಕಲ್ ಇರಲಿ. ವೇಡರ್ಸ್ (ನೀರಿಗಿಳಿಯಲು ತೊಡುವ ನೀರು ಒಳಬಿಡದ ಉಡುಪು) ಬೆಲ್ಟ್ ಬೇರೆ, ಇದು ಬೇರೆ. ಕತ್ತಲಲ್ಲಿ, ಒದ್ದೆ ಕೈಯಲ್ಲಿ ಅದು ಬಿಚ್ಚುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ.

ಬೀಚಿಗೆ ಬಂದ ಮೇಲೆ ರೀಲಿನಿಂದ ಬಿಚ್ಚಿ ಬಾಸ್ಕೆಟ್‌ಗೆ ತುಂಬಿಸಿದ ಲೈನ್ ತಲೆಕೆಳಗಾದ ಕ್ರಮದಲ್ಲಿರುತ್ತದೆ: ಗಾಳದ ಕಡೆಯದು ಅಡಿಯಲ್ಲಿ, ರೀಲಿನ ಕಡೆಯದು ಮೇಲೆ. ಹಾಗೇ ಜೋರಾಗಿ ಎಸೆದರೆ ಗಂಟು ಖಂಡಿತ. ಮೊದಲು ನಿಧಾನಕ್ಕೆ ಒಂದಷ್ಟು ಹೊರಗೆ ಬಿಟ್ಟು ಪೂರ್ತಿ ಎಳೆದುಕೊಳ್ಳಿ, ಕ್ರಮ ಸರಿಯಾಗುತ್ತದೆ. ಜಾಗ ಬದಲಿಸಿ ತುಂಬಾ ದೂರ ನಡೆದ ಮೇಲೂ ಹೀಗೇ ಮಾಡಿ. ಸೊಳ್ಳೆಗೆಂದು ಡೀಟ್ ಇರುವ ಎಣ್ಣೆ ಹಚ್ಚಿಕೊಂಡಿದ್ದರೆ ಲೈನ್ ಮುಟ್ಟುವ ಮುಂಚೆ ಅಂಗೈ, ಬೆರಳು ಚೆನ್ನಾಗಿ ತೊಳೆದುಕೊಳ್ಳಿ, ಅದು ಲೈನಿನ ಪ್ಲಾಸ್ಟಿಕ್ ಪದರವನ್ನು ತಿನ್ನುತ್ತದೆ.