ಕಾಗದದಷ್ಟು ದಪ್ಪದ ತಪ್ಪು

ಅಮೆರಿಕದ ಮಿಶಿಗನ್‌ನಲ್ಲಿ ಜಿಂಕೆ ಬೇಟೆಯ ಬಂದೂಕಿನ ಸೀಸನ್ ಪ್ರತಿ ವರ್ಷ ನವೆಂಬರ್ 15ಕ್ಕೆ ಶುರುವಾಗುತ್ತದೆ. ಅದಕ್ಕೆ ಎರಡು ವಾರ ಮುಂಚೆ ಪಕ್ಕದ ಮನೆಯ ಹಿರಿಯರು ಒಂದು ಗುರಿ ಹಾಳೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹಾಳೆಯಲ್ಲಿ ಐದು ತೂತು. ಐದೂ ಗುಂಡನ್ನು ಒಂದೇ ಚುಕ್ಕೆಗೆ ಗುರಿಯಿಟ್ಟು, ಮೇಜಿನ ಮೇಲೆ ರೈಫಲ್ ಆನಿಸಿಕೊಂಡು ಹೊಡೆದಿದ್ದರಂತೆ. ಒಂದು ಮೇಲೆ ಹೋಗಿತ್ತು, ಒಂದು ಕೆಳಗೆ, ಉಳಿದವು ಅಕ್ಕಪಕ್ಕ. ಆ ವರ್ಷವಷ್ಟೇ ಅವರು ದುಬಾರಿ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೊಂಡಿದ್ದರು. ಮೊದಲು ತೋಟಾ ಸರಿಯಿಲ್ಲ ಅಂದುಕೊಂಡರು, ಆಮೇಲೆ ಸ್ಕೋಪಿನ ಮೇಲೆ ಅನುಮಾನ ಬಂತು. ಕೊನೆಗೆ ತಮ್ಮ ಕೈಯೇ ನಡುಗುತ್ತಿದೆಯೇನೋ ಎಂದು ಬೇಜಾರು ಮಾಡಿಕೊಂಡಿದ್ದರು.

ಬೇಟೆಯ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಆದರೆ ಸ್ಕ್ರೂಗಳ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ್ದೇನೆ. ರೈಫಲ್ ಖಾಲಿಯಿದೆ ಎಂದು ಇಬ್ಬರೂ ನೋಡಿ ಖಾತ್ರಿ ಮಾಡಿಕೊಂಡೆವು. ಆಮೇಲೆ ಸ್ಕೋಪ್ ಬಿಚ್ಚಿ, ಅದರ ಕೆಳಗಿದ್ದ ಬೇಸ್ ಮುಟ್ಟಿ ನೋಡಿದೆ. ಮುಂದಿನ ಒಂದು ಸ್ಕ್ರೂ ಒಂದಿಷ್ಟೂ ತಡೆಯದೆ ತಿರುಗಿತು.

ಅವರದು ರೆಮಿಂಗ್ಟನ್ 700. ಈ ಮಾದರಿ 1962ರಲ್ಲಿ ಬಂತು. ಇದರ ನಳಿಗೆಯ ಹಿಂದೆ, ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಸರಳು) ಓಡಾಡುವ ಉಕ್ಕಿನ ಭಾಗವಿದೆಯಲ್ಲ, ಅದಕ್ಕೆ ರಿಸೀವರ್ ಅನ್ನುತ್ತಾರೆ. ರಿಸೀವರ್ ಮೇಲೆ ಮುಂದೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು ತೂತು. ಅಲ್ಲಿ ಸ್ಕ್ರೂ ಹಾಕಿ ಕೂರಿಸುವ ಪಟ್ಟಿಯೇ ಬೇಸ್. ಬೇಸ್ ಮೇಲೆ ಎರಡು ರಿಂಗ್, ರಿಂಗಿನೊಳಗೆ ಸ್ಕೋಪ್. ಸ್ಕ್ರೂಗಳ ದಪ್ಪ ಬರೀ ಮೂರೂವರೆ ಮಿಲಿಮೀಟರ್, ಅಂಗಡಿಯಲ್ಲಿ ಇವಕ್ಕೆ 6-48 ಎಂಬ ಹೆಸರು. ಸಾವಿರಾರು ಡಾಲರಿನ ಸ್ಕೋಪ್ ಕೂಡ ಕೊನೆಗೆ ನಿಲ್ಲುವುದು ಈ ನಾಲ್ಕು ಸ್ಕ್ರೂಗಳ ಮೇಲೆ.

ಗುರಿ ತಪ್ಪುವುದು ಎಷ್ಟು ಸುಲಭ ಎಂದು ಒಂದು ಲೆಕ್ಕ ಮಾಡಿ ನೋಡೋಣ. ಬೇಸಿನ ಮುಂದಿನ ಮತ್ತು ಹಿಂದಿನ ಆಧಾರದ ನಡುವೆ ಸುಮಾರು 125 ಮಿಲಿಮೀಟರ್ ದೂರ ಎಂದಿಟ್ಟುಕೊಳ್ಳಿ. ಒಂದು ತುದಿ 0.1 ಮಿಲಿಮೀಟರ್ ಮೇಲೆದ್ದಿತು. ಪ್ರಿಂಟರಿಗೆ ಹಾಕುವ ಒಂದು ಹಾಳೆ ಅಷ್ಟೇ ದಪ್ಪ ಇರುತ್ತದೆ. 125ಕ್ಕೆ 0.1 ಆದರೆ 100 ಮೀಟರಿಗೆ 8 ಸೆಂಟಿಮೀಟರ್, 200 ಮೀಟರಿಗೆ 16. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಒಂದು ಊಟದ ತಟ್ಟೆಯಷ್ಟು ಅಗಲ ಇರಬಹುದು. ಗುಂಡು ಅದರ ನಡುವಿಗೆ ಬಿದ್ದರೆ ಪ್ರಾಣಿ ಬೇಗ ಸಾಯುತ್ತದೆ. 16 ಸೆಂಟಿಮೀಟರ್ ಆಚೆ ಬಿದ್ದರೆ ಹೊಟ್ಟೆಗೋ ಕಾಲಿಗೋ ಪೆಟ್ಟು ತಿಂದು ಓಡಿಹೋಗಿ, ಎಲ್ಲೋ ಪೊದೆಯಲ್ಲಿ ಗಂಟೆಗಟ್ಟಲೆ ನರಳುತ್ತದೆ. ನನಗೆ ಈ ಸ್ಕ್ರೂಗಳ ವಿಷಯ ದೊಡ್ಡದಾಗಿ ಕಾಣುವುದು ಇದೇ ಕಾರಣಕ್ಕೆ.

ಇನ್ನು ಸ್ಕ್ರೂ ಸಡಿಲ ಆಗುವುದಾದರೂ ಯಾಕೆ? ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. .308 ಎಂಬ ಅಳತೆಯ ತೋಟಾದ ಗುಂಡು ಹತ್ತಿರ ಹತ್ತಿರ 10 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 850 ಮೀಟರ್. ಅದು ಮುಂದಕ್ಕೆ ಹೋದ ರಭಸಕ್ಕೆ ಮೂರೂವರೆ ಕಿಲೋ ರೈಫಲ್ ಸೆಕೆಂಡಿಗೆ ಮೂರು ಮೀಟರಿನಷ್ಟು ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಈ ವೇಗ ಅಷ್ಟೇನೂ ಜಾಸ್ತಿ ಅಲ್ಲ, ನಾವು ಬಿರುಸಾಗಿ ನಡೆದರೆ ಅದರ ಅರ್ಧದಷ್ಟು ವೇಗ ಇರುತ್ತದೆ. ಆದರೆ ಅದು ಬರುವುದು ಎರಡು ಮಿಲಿಸೆಕೆಂಡಿನಲ್ಲಿ. ಅಂದರೆ ಭೂಮಿಯ ಸೆಳೆತದ ಸುಮಾರು 150 ಪಟ್ಟು ಎಳೆತ. ಅರ್ಧ ಕಿಲೋ ಸ್ಕೋಪ್ ಆ ಕ್ಷಣಕ್ಕೆ 75 ಕಿಲೋ ಚೀಲದಂತೆ ವರ್ತಿಸುತ್ತದೆ. ರೈಫಲ್ ಹಿಂದಕ್ಕೆ ಓಡುತ್ತಿದೆ, ಸ್ಕೋಪ್ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಬಸ್ ದಿಢೀರನೆ ಹೊರಟಾಗ ನಿಂತವರು ವಾಲುತ್ತಾರಲ್ಲ, ಹಾಗೆ.

ಇದನ್ನು ತಡೆಯುವುದು ಸ್ಕ್ರೂವಿನ ಗಟ್ಟಿತನ ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಿಜವಾಗಿ ತಡೆಯಬೇಕಾದ್ದು ಘರ್ಷಣೆ. ಬಿಗಿ ಮಾಡಿದಾಗ ಸ್ಕ್ರೂ ಕಣ್ಣಿಗೆ ಕಾಣದಷ್ಟು ಉದ್ದವಾಗಿ, ಸ್ಪ್ರಿಂಗಿನಂತೆ ಬೇಸನ್ನು ರಿಸೀವರಿಗೆ ಅದುಮಿ ಹಿಡಿಯುತ್ತದೆ. ಈ ಅಳತೆಯ ಸ್ಕ್ರೂಗೆ ಸಾಮಾನ್ಯವಾಗಿ 15ರಿಂದ 20 ಇಂಚ್-ಪೌಂಡ್ ಟಾರ್ಕ್ (ತಿರುಗಿಸುವ ಬಲ) ಹೇಳುತ್ತಾರೆ. 15 ಕೊಟ್ಟರೂ ಒಂದೊಂದು ಸ್ಕ್ರೂ ಸುಮಾರು 250 ಕಿಲೋ ಭಾರದಷ್ಟು ಅದುಮುತ್ತದೆ. ನಾಲ್ಕು ಸೇರಿದರೆ ಒಂದು ಟನ್! ಒಣ ಲೋಹದ ಮೇಲೆ ಒಣ ಲೋಹ ಕೂತಾಗ ಜಾರದಂತೆ ಹಿಡಿಯುವ ಶಕ್ತಿ ಇದರ ಏಳನೇ ಒಂದು ಪಾಲು ಎಂದುಕೊಳ್ಳಿ, ಹತ್ತಿರ ಹತ್ತಿರ 140 ಕಿಲೋ. 75 ಕಿಲೋ ಎಳೆತಕ್ಕೆ ಇದು ಸಾಕು. ಈಗ ನಡುವೆ ಎಣ್ಣೆ ಇದೆ ಎಂದಿಟ್ಟುಕೊಳ್ಳಿ. ಹಿಡಿತ ಅರ್ಧಕ್ಕಿಳಿದು 70 ಆಯಿತು. ಬೇಸ್ ಪ್ರತಿ ಗುಂಡಿಗೂ ಒಂದು ಕೂದಲೆಳೆಯಷ್ಟು ಸರಿಯುತ್ತದೆ, ಸರಿದಂತೆಲ್ಲ ಸ್ಕ್ರೂ ಬಿಚ್ಚಿಕೊಳ್ಳುತ್ತದೆ. ನಮ್ಮ ಹಿರಿಯರ ರೈಫಲಿನಲ್ಲಿ ಆಗಿದ್ದು ಇದೇ. ತುಕ್ಕು ಹಿಡಿಯಬಾರದು ಎಂದು ಪ್ರೀತಿಯಿಂದ ಎಲ್ಲ ಕಡೆ ಎಣ್ಣೆ ಸವರಿದ್ದರು, ಬೇಸಿನ ಕೆಳಗೂ.

ಟಾರ್ಕ್ ಬಗ್ಗೆ ಇನ್ನೊಂದು ಮಾತು. ನಾವು ಸ್ಕ್ರೂ ತಿರುಗಿಸಲು ಹಾಕುವ ಶಕ್ತಿಯಲ್ಲಿ ನೂರಕ್ಕೆ 90ರಷ್ಟು ತಲೆಯ ಕೆಳಗಿನ ಮತ್ತು ಮರೆಯ (ಸ್ಕ್ರೂ ಮೈಮೇಲಿನ ಸುರುಳಿ ಎಳೆಯ) ಘರ್ಷಣೆಗೇ ಹೋಗುತ್ತದೆ. ಅದುಮುವ ಕೆಲಸಕ್ಕೆ ಉಳಿಯುವುದು ಬರೀ ಹತ್ತು. ಹಾಗಾಗಿ ಕೈ ಅಂದಾಜು ಇಲ್ಲಿ ತುಂಬಾ ಮೋಸ ಮಾಡುತ್ತದೆ. ಮರೆ ಸ್ವಲ್ಪ ಒರಟಾಗಿದ್ದರೆ ಬಿಗಿ ಆದಂತೆ ಅನ್ನಿಸುತ್ತದೆ, ಆಗಿರುವುದಿಲ್ಲ. ನುಣುಪಾಗಿದ್ದರೆ ಅದೇ ಕೈಬಲಕ್ಕೆ ಸ್ಕ್ರೂ ಮುರಿದೇ ಹೋಗಬಹುದು. ಇಂಚ್-ಪೌಂಡ್ ತೋರಿಸುವ ಚಿಕ್ಕ ಟಾರ್ಕ್ ಡ್ರೈವರಿಗೆ ದುಡ್ಡು ಹಾಕುವುದು ಸ್ಕೋಪಿಗೆ ಹಾಕುವಷ್ಟೇ ಅಗತ್ಯ ಅನ್ನುತ್ತೇನೆ.

ಬೇಸ್ ಆರಿಸುವಾಗ ಎರಡು ಹೆಸರು ಪದೇ ಪದೇ ಬರುತ್ತವೆ, ವೀವರ್ ಮತ್ತು ಪಿಕಟಿನಿ. ವಿಲಿಯಂ ವೀವರ್ 1930ರಲ್ಲಿ ಸಾಮಾನ್ಯ ಜನರ ಕೈಗೆಟುಕುವ ಸ್ಕೋಪ್ ಮಾಡಲು ಹೊರಟವರು. 1933ರಲ್ಲಿ ಟೆಕ್ಸಸ್‌ನ ಎಲ್ ಪಾಸೋಗೆ ಬಂದರು. ಅವರ ಕಂಪನಿಯ ಬೇಸಿನಲ್ಲಿ ಅಡ್ಡಕ್ಕೆ ತೋಡು ಇರುತ್ತದೆ, ರಿಂಗಿನ ಅಡ್ಡ ಬೋಲ್ಟ್ ಅದರೊಳಗೆ ಕೂರುತ್ತದೆ. ಸೈನ್ಯಕ್ಕೆ ಎಲ್ಲ ಕಡೆ ಒಂದೇ ಅಳತೆ ಬೇಕಿತ್ತು. ನ್ಯೂಜೆರ್ಸಿಯ ಪಿಕಟಿನಿ ಆರ್ಸೆನಲ್ ಎಂಬ ಸೇನಾ ಕೇಂದ್ರದ ಹೆಸರಿನ ರೇಲ್ (ಉದ್ದಕ್ಕೂ ಅಡ್ಡ ತೋಡುಗಳಿರುವ ಬೇಸ್) 1995ರಲ್ಲಿ ಅಮೆರಿಕ ಸೇನೆಯ ಅಧಿಕೃತ ಅಳತೆ ಆಯಿತು. ವೀವರ್ ತೋಡಿನ ಅಗಲ 4.57 ಮಿಲಿಮೀಟರ್, ಪಿಕಟಿನಿಯದು 5.23. ಹಾಗಾಗಿ ವೀವರ್ ರಿಂಗ್ ಸಾಮಾನ್ಯವಾಗಿ ಪಿಕಟಿನಿ ರೇಲಿನಲ್ಲಿ ಕೂರುತ್ತದೆ. ಪಿಕಟಿನಿ ರಿಂಗಿನ ದಪ್ಪ ಬೋಲ್ಟ್ ವೀವರ್ ತೋಡಿಗೆ ಇಳಿಯುವುದಿಲ್ಲ. ಫಿನ್ಲೆಂಡಿನ ಸಾಕೋ ರೈಫಲ್ ನೋಡಿದಾಗ ನನಗೆ ಖುಷಿಯಾಯಿತು. ಅಲ್ಲಿ ರಿಸೀವರಿನ ಮೇಲೆಯೇ ಒಂದು ಕಡೆಗೆ ಕಿರಿದಾಗುವ ದಿಂಡು ಕಡೆದಿರುತ್ತಾರೆ, ಬೇರೆ ಬೇಸ್ ಬೇಡ.

ಬೇಸ್ ಒಂದೇ ತುಂಡಿನದೋ, ಎರಡು ತುಂಡಿನದೋ? ಒಂದೇ ತುಂಡಾದರೆ ರಿಂಗುಗಳು ಒಂದೇ ಗೆರೆಯಲ್ಲಿ ಕೂರುವುದು ಸುಲಭ. ಸ್ಕೋಪ್ ಹಿಂದೆ ಮುಂದೆ ಸರಿಸಲೂ ಜಾಗ ಸಿಗುತ್ತದೆ. ಕಣ್ಣಿಗೂ ಸ್ಕೋಪಿಗೂ ಸುಮಾರು 9 ಸೆಂಟಿಮೀಟರ್ ಬಿಡಬೇಕಲ್ಲ, ಇಲ್ಲದಿದ್ದರೆ ಒದೆತಕ್ಕೆ ಹುಬ್ಬು ಸೀಳುತ್ತದೆ. ಆದರೆ ಒಂದೇ ತುಂಡು ತೋಟಾ ತುಂಬುವ ಬಾಯಿಯ ಮೇಲೆ ಹಾದುಹೋಗುತ್ತದೆ. ಚಳಿಯಲ್ಲಿ ಗ್ಲೌಸ್ ಹಾಕಿದ ಬೆರಳಿಗೆ ಅದು ಕಿರಿಕಿರಿ. ಮುಂದಕ್ಕೆ ಬಾಗಿಸಿ ಮಾಡಿದ 20 ಎಂಒಎ ರೇಲ್ ಕೂಡ ಸಿಗುತ್ತದೆ. ಒಂದು ಎಂಒಎ ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ, 100 ಮೀಟರಿಗೆ 2.9 ಸೆಂಟಿಮೀಟರ್. ದೂರ ಹೋದಂತೆ ಗುಂಡು ಕೆಳಗಿಳಿಯುತ್ತದೆ, ಹಾಗಾಗಿ ಸಾವಿರ ಗಜದ ಗುರಿಗೆ ಸ್ಕೋಪನ್ನು ಹಾಗೆ ವಾಲಿಸುವ ರೇಲ್ ಬೇಕು. 300 ಮೀಟರಿನೊಳಗೆ ಬೇಟೆಯಾಡುವವರಿಗೆ ಸ್ಕೋಪಿನಲ್ಲೇ ಐದಾರು ಎಂಒಎ ತಿರುಗಿಸಿದರೆ ಸಾಕು, ಸುಮ್ನೆ ದುಡ್ಡು ಕೊಡಬೇಡಿ.

ಆ ಶನಿವಾರ ನಮ್ಮ ಗ್ಯಾರೇಜಿನಲ್ಲೇ ಹೊಸ ಉಕ್ಕಿನ ರೇಲ್ ಕೂರಿಸಿದೆವು. ತೂತು, ಸ್ಕ್ರೂ, ರೇಲಿನ ತಳ, ರಿಸೀವರಿನ ಬೆನ್ನು ಎಲ್ಲವನ್ನೂ ಆಲ್ಕೊಹಾಲಿನಲ್ಲಿ ಒರೆಸಿದೆವು. ಮೊದಲು ಮುಂದಿನ ಎರಡು ಸ್ಕ್ರೂ ಮಾತ್ರ ಹಾಕಿ, ಹಿಂದಿನ ತುದಿ ಮೇಲೆದ್ದಿದೆಯಾ ನೋಡಿದೆವು. ಎದ್ದಿರಲಿಲ್ಲ. ಎದ್ದಿದ್ದರೆ ಬಲವಂತಕ್ಕೆ ಸ್ಕ್ರೂ ಬಿಗಿದು ರೇಲನ್ನೇ ಬಗ್ಗಿಸಿದಂತೆ ಆಗುತ್ತಿತ್ತು. ಆಗ ತಳಕ್ಕೆ ತೆಳು ಎಪಾಕ್ಸಿ ಅಂಟು ತುಂಬಬೇಕಾಗುತ್ತದೆ. ಸ್ಕ್ರೂ ಉದ್ದವನ್ನೂ ಪರೀಕ್ಷಿಸಿದೆವು. ಮುಂದಿನದು ಉದ್ದವಾದರೆ ಒಳಗೆ ಬೋಲ್ಟಿಗೆ ತಾಗುತ್ತದೆ, ಬೋಲ್ಟ್ ಮುಚ್ಚಿ ತೆರೆದು ನೋಡಿದರೆ ಗೊತ್ತಾಗುತ್ತದೆ.

ಮರೆಗೆ ಒಂದು ಹನಿ ನೀಲಿ ಲಾಕ್‌ಟೈಟ್ ಅಂಟು ಹಾಕಿದೆವು. ಕನೆಕ್ಟಿಕಟ್‌ನ ಟ್ರಿನಿಟಿ ಕಾಲೇಜಿನ ಪ್ರೊಫೆಸರ್ ವರ್ನನ್ ಕ್ರೀಬಲ್ 1953ರಲ್ಲಿ ಕಟ್ಟಿದ ಕಂಪನಿಯದು ಅದು. ಆ ಅಂಟು ಗಾಳಿಯಲ್ಲಿ ನೀರಾಗೇ ಇರುತ್ತದೆ. ಲೋಹದ ನಡುವೆ, ಗಾಳಿ ಸಿಗದ ಕಡೆ ಮಾತ್ರ ಗಟ್ಟಿಯಾಗುತ್ತದೆ. ಎಷ್ಟು ಚೆಂದದ ಯೋಚನೆ ಅಲ್ವಾ! ಹಸಿ ಅಂಟು ಎಣ್ಣೆಯಂತೆ ಮರೆಯನ್ನು ಜಾರಿಸುವುದರಿಂದ ಟಾರ್ಕ್ ತುಸು ಇಳಿಸಿದೆವು. ರಿಂಗ್ ಹಾಕುವಾಗ ಅದನ್ನು ನಳಿಗೆಯ ಕಡೆಗೆ ಒತ್ತಿ ಹಿಡಿದು ಬಿಗಿ ಮಾಡಿದೆವು. ಸ್ಕೋಪ್ ವಾಲುವುದೇ ಆ ಕಡೆ, ಮೊದಲೇ ತೋಡಿನ ಗೋಡೆಗೆ ಆನಿಸಿಬಿಟ್ಟರೆ ಸರಿಯಲು ಜಾಗ ಉಳಿಯುವುದಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಮೋಜಿನ ಬೇಟೆಗೆ ಅವಕಾಶ ಇಲ್ಲ. ಆದರೆ ಸ್ಪ್ರಿಂಗ್ ಏರ್‌ಗನ್ನಿನಲ್ಲಿ ಗುರಿ ಹೊಡೆಯುವವರು ನಮ್ಮೂರಲ್ಲೂ ಇದ್ದಾರೆ. ಅವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಒಳಗಿನ ಪಿಸ್ಟನ್ ಮುಂದೆ ನುಗ್ಗುವಾಗ ಕೋವಿ ಹಿಂದಕ್ಕೆ ಬರುತ್ತದೆ. ಪಿಸ್ಟನ್ ಕೊನೆಗೆ ಬಡಿದಾಗ ತಟ್ಟನೆ ಮುಂದಕ್ಕೆ ಜಗ್ಗುತ್ತದೆ. ಈ ಎರಡನೇ ಏಟಿಗೆ ರಿಂಗುಗಳು ಹಿಂದಕ್ಕೆ ಜಾರುತ್ತವೆ, ಒಳ್ಳೊಳ್ಳೆ ಸ್ಕೋಪ್‌ಗಳೂ ಕೆಡುತ್ತವೆ. ಹಿಂದಿನ ರಿಂಗಿನ ಬೆನ್ನಿಗೆ ತಡೆ ಇರುವ ಬೇಸ್ ಕೇಳಿ ಕೊಳ್ಳಿ.

ಮರುದಿನ ರೇಂಜಿನಲ್ಲಿ, 100 ಗಜದಲ್ಲಿ, ಹಿರಿಯರ ಮೂರು ಗುಂಡು ಒಂದು ಕಾಫಿ ಲೋಟದ ಬಾಯಿಯೊಳಗೆ ಬಿದ್ದವು. ತೋಟಾ ಹಳೆಯದೇ, ಸ್ಕೋಪ್ ಅದೇ. ಮನೆಗೆ ಬಂದು ಹೆಂಡತಿಯ ಕೆಂಪು ನೇಲ್ ಪಾಲಿಶ್ ತೆಗೆದುಕೊಂಡು, ಪ್ರತಿ ಸ್ಕ್ರೂ ತಲೆಯಿಂದ ರೇಲಿನವರೆಗೆ ಒಂದು ನೇರ ಗೀರು ಎಳೆದರು. ಸ್ಕ್ರೂ ಸ್ವಲ್ಪ ತಿರುಗಿದರೂ ಗೀರು ಮುರಿದು ಕಾಣುತ್ತದೆ. ಈಗ ಪ್ರತಿ ವರ್ಷ ನವೆಂಬರ್ 14ರ ಸಂಜೆ ಕನ್ನಡಕ ಹಾಕಿಕೊಂಡು ಆ ನಾಲ್ಕು ಗೀರುಗಳನ್ನು ನೋಡುತ್ತಾರೆ. ಆಮೇಲೆಯೇ ರೈಫಲ್ ಗಾಡಿಗೆ ಏರುವುದು.