ದಂಡದ ದುಡ್ಡಲ್ಲಿ ನಡೆಯುವ ಕಚೇರಿ: ಅಮೆರಿಕದ ಸಂತ್ರಸ್ತರ ನಿಧಿಯ ಲೆಕ್ಕ

ಸಂತ್ರಸ್ತರ ಹಕ್ಕುಗಳ ಪಾಠದಲ್ಲಿ ಅಮೆರಿಕದ 'ಆಫೀಸ್ ಫಾರ್ ವಿಕ್ಟಿಮ್ಸ್ ಆಫ್ ಕ್ರೈಮ್' (ಅಪರಾಧಕ್ಕೆ ಒಳಗಾದವರ ನೆರವಿಗಿರುವ ಅಲ್ಲಿನ ಕೇಂದ್ರ ಸರ್ಕಾರದ ಕಚೇರಿ) ಬಂದೇ ಬರುತ್ತದೆ. ಹಕ್ಕುಗಳ ಪಟ್ಟಿ ಒಮ್ಮೆ ಓದಿದರೆ ತಲೆಗೆ ಹತ್ತುತ್ತದೆ, ಅದನ್ನು ಇಲ್ಲಿ ಬರೆದಿಲ್ಲ. ಕಷ್ಟ ಕೊಡುವುದು ದುಡ್ಡಿನ ಭಾಗ. ಇಂಥ ಕಚೇರಿ ವರ್ಷಾನುಗಟ್ಟಲೆ ಬಾಗಿಲು ತೆಗೆದಿರುವುದು ಹೇಗೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ದುಡ್ಡು ಎಲ್ಲಿಂದ?

1984ರ ಕಾಯ್ದೆ ಒಂದು ನಿಧಿ ಕಟ್ಟಿತು. 1988ರ ತಿದ್ದುಪಡಿ ಕಚೇರಿಗೆ ಕಾನೂನಿನ ಬಲ ಕೊಟ್ಟಿತು. ನಿಧಿಗೆ ತೆರಿಗೆಯ ಹಣ ಬರುವುದಿಲ್ಲ. ಕೇಂದ್ರದ ಕೋರ್ಟುಗಳಲ್ಲಿ ತಪ್ಪಿತಸ್ಥರು ಕಟ್ಟುವ ದಂಡ, ಮುಟ್ಟುಗೋಲಾದ ಜಾಮೀನು ಹಣ, ಇಂಥವೇ ಮೂಲ. ಅದರಲ್ಲೂ ದೊಡ್ಡ ಪಾಲು ಕಂಪನಿಗಳ ದಂಡದ್ದು. 2017ರಲ್ಲಿ ಹೊಗೆ ಪರೀಕ್ಷೆಯ ಮೋಸಕ್ಕಾಗಿ ಫೋಕ್ಸ್‌ವ್ಯಾಗನ್ ಒಂದೇ 280 ಕೋಟಿ ಡಾಲರ್ ಕ್ರಿಮಿನಲ್ ದಂಡಕ್ಕೆ ಒಪ್ಪಿಕೊಂಡಿತು.

ನಮ್ಮಲ್ಲಿ ದಾರಿ ಬೇರೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 357ಎ, ಈಗ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 396: ರಾಜ್ಯ ಸರ್ಕಾರವೇ ಯೋಜನೆ ಮಾಡಿ ಹಣ ಒದಗಿಸಬೇಕು. ಕೋರ್ಟ್ ಶಿಫಾರಸು ಮಾಡಿದ ಮೇಲೆ ಮೊತ್ತ ಎಷ್ಟು ಅಂತ ಕಾನೂನು ಸೇವಾ ಪ್ರಾಧಿಕಾರ ತೀರ್ಮಾನಿಸುತ್ತದೆ. ಪರೀಕ್ಷೆಯಲ್ಲಿ ಹೋಲಿಕೆ ಕೇಳಿದರೆ ಇಷ್ಟು ಸಾಕು.

ಕೆರೆ, ಮಳೆ, ತೂಬು

ಸುದ್ದಿಯಲ್ಲಿ ಮೂರು ಅಂಕಿ ಬರುತ್ತವೆ, ಮೂರೂ ಕಲಸಿಕೊಳ್ಳುತ್ತವೆ. ವರ್ಷದಲ್ಲಿ ಬಂದ ದಂಡ ಮಳೆ. ನಿಧಿಯಲ್ಲಿರುವ ಬಾಕಿ ಕೆರೆ. ಆ ವರ್ಷ ಎಷ್ಟು ಹಂಚಬಹುದು ಅಂತ ಸಂಸತ್ತು ಹಾಕುವ ಮಿತಿ ತೂಬು. ಕೆರೆ ತುಂಬಿದ್ದರೂ ತೂಬು ಎತ್ತಿದಷ್ಟೇ ನೀರು.

ತೂಬು ಯಾಕೆ ಬಂತು? 1999ರಲ್ಲಿ ವಿಟಮಿನ್ ಬೆಲೆಯನ್ನು ಒಳಗೊಳಗೇ ನಿಗದಿ ಮಾಡಿದ ಕೇಸಿನಲ್ಲಿ ಹಾಫ್‌ಮನ್ ಲಾ ರೋಷ್ ಕಂಪನಿಗೆ 50 ಕೋಟಿ ಡಾಲರ್ ದಂಡ ಬಿತ್ತು. ಇಂಥ ವರ್ಷದ ಹಣವನ್ನೆಲ್ಲ ಒಟ್ಟಿಗೆ ಹಂಚಿದರೆ ಮುಂದಿನ ಬರದ ವರ್ಷಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ 2000ದಿಂದ ಮಿತಿ ಬಂತು. ಮೊದಲ ಮಿತಿ 50 ಕೋಟಿ ಡಾಲರ್. ಕಚೇರಿ ಬಾಳಿಕೆ ಬಂದಿದ್ದರಲ್ಲಿ ಈ ಒಂದು ನಿರ್ಧಾರದ ಪಾಲು ದೊಡ್ಡದು ಅಂತ ನನಗನಿಸುತ್ತದೆ.

ಮಿತಿ ಇಳಿದರೆ ಪೆಟ್ಟು ಯಾರಿಗೆ? (ಇದನ್ನು ನಿಧಾನವಾಗಿ ಓದಿ)

ಮಿತಿ ಶೇ 40 ಇಳಿದರೆ ಎಲ್ಲರಿಗೂ ಶೇ 40 ಕಡಿತ ಅಂತ ಅನಿಸುತ್ತದೆ, ಅಲ್ವಾ? ಹಾಗಾಗುವುದಿಲ್ಲ.

ಹಣ ಎರಡು ದೊಡ್ಡ ಕೈಗಳಿಗೆ ಹೋಗುತ್ತದೆ. ಒಂದು ಪರಿಹಾರ: ಆಸ್ಪತ್ರೆ ಬಿಲ್ಲು, ಹೋದ ಸಂಬಳ, ಅಂತ್ಯಕ್ರಿಯೆಯ ಖರ್ಚು. ಇದನ್ನು ರಾಜ್ಯ ಮೊದಲು ತನ್ನ ದುಡ್ಡಲ್ಲಿ ಕೊಡುತ್ತದೆ. ಆಮೇಲೆ ಕಚೇರಿ ಅದರಲ್ಲಿ ಇಂತಿಷ್ಟು ಪಾಲನ್ನು ವಾಪಸ್ ಕೊಡುತ್ತದೆ. ಇನ್ನೊಂದು ಸೇವೆ: ಆಶ್ರಯ ಮನೆ, ಸಹಾಯವಾಣಿ, ಅತ್ಯಾಚಾರಕ್ಕೆ ಒಳಗಾದವಳ ಜೊತೆ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮುಗಿಯುವವರೆಗೂ ಪಕ್ಕದಲ್ಲಿ ಕೂರುವ ಕಾರ್ಯಕರ್ತೆಯ ಸಂಬಳ.

ಮಿತಿಯ ಹಣದಲ್ಲಿ ಮೊದಲೇ ತೆಗೆದಿಡಬೇಕಾದ ಕೆಲವು ಕಡ್ಡಾಯ ಬಾಬ್ತು ಕಳೆದು 1,000 ಉಳಿಯಿತು ಎಂದುಕೊಳ್ಳಿ. ಶೇ 5 ಕಚೇರಿಯ ಸ್ವಂತ ಕೆಲಸಗಳಿಗೆ, ಅಂದರೆ 50. ಪರಿಹಾರಕ್ಕೆ ಶೇ 47.5, ಸೇವೆಗೆ ಶೇ 47.5, ತಲಾ 475. ಆದರೆ ಪರಿಹಾರದ ಲೆಕ್ಕ ಸೂತ್ರದ ಮೇಲೆ ನಡೆಯುತ್ತದೆ. ರಾಜ್ಯಗಳಿಗೆಲ್ಲ ಸೇರಿ ಬೇಕಾಗಿದ್ದು 200 ಮಾತ್ರ ಆದರೆ, ಉಳಿದ 275 ಸೇವೆಯ ಕಡೆಗೆ ಹರಿಯುತ್ತದೆ. ಸೇವೆಗೆ ಒಟ್ಟು 750.

ಈಗ 1,000 ಇದ್ದದ್ದು 600ಕ್ಕೆ ಇಳಿಯಿತು. ಕಚೇರಿಗೆ 30. ಪರಿಹಾರದ ಗರಿಷ್ಠ ಪಾಲು 285, ಬೇಕಾಗಿದ್ದು 200, ಅದು ಪೂರ್ತಿ ಸಿಕ್ಕಿತು. ಸೇವೆಗೆ ಉಳಿದದ್ದು 370. ಮೂಲ ಮೊತ್ತ ಇಳಿದದ್ದು ಶೇ 40, ಸೇವೆ ಅರ್ಧಕ್ಕಿಂತ ಜಾಸ್ತಿ ಕಳೆದುಕೊಂಡಿತು! ಕೂಡಿಸಿ ನೋಡಿ: 30, 200, 370.

ಇದು ಸುಮ್ನೆ ಕಾಗದದ ಲೆಕ್ಕ ಅಲ್ಲ. 2018ರಲ್ಲಿ ಮಿತಿ 443.6 ಕೋಟಿ ಡಾಲರ್ ಇತ್ತು, 2024ರಲ್ಲಿ 135.3 ಕೋಟಿ. ಆ ಕಾರ್ಯಕರ್ತೆಯ ಸಂಬಳ ಈ ಎರಡು ಅಂಕಿಗಳ ನಡುವೆ ಸಿಕ್ಕಿಕೊಂಡಿದೆ.

2021ರ ತಿದ್ದುಪಡಿ

ಮಳೆ ಕಡಿಮೆಯಾಗಲು ಒಂದು ಮುಖ್ಯ ಕಾರಣ: ಕಂಪನಿಗಳ ಮೇಲಿನ ಕೇಸುಗಳು ತೀರ್ಪಿನ ತನಕ ಹೋಗದೆ, ವಿಚಾರಣೆ ಮುಂದೂಡುವ ಇಲ್ಲವೇ ಕೈಬಿಡುವ ಒಪ್ಪಂದದಲ್ಲಿ ಮುಗಿಯತೊಡಗಿದವು. ಶಿಕ್ಷೆಯೇ ಇಲ್ಲದ ಮೇಲೆ ಆ ಹಣ ನಿಧಿಗೆ ಬಾರದೆ ಸಾಮಾನ್ಯ ಖಜಾನೆಗೆ ಹೋಗುತ್ತಿತ್ತು. 2021ರ ಜುಲೈ 22ರಂದು ಬೈಡನ್ ಸಹಿ ಹಾಕಿದ ಕಾಯ್ದೆ ಆ ಹಣವನ್ನೂ ನಿಧಿಗೆ ತಿರುಗಿಸಿತು.

ಅದೇ ಕಾಯ್ದೆ ಪರಿಹಾರದಲ್ಲಿ ರಾಜ್ಯಗಳಿಗೆ ವಾಪಸ್ ಕೊಡುವ ಪಾಲನ್ನು ಶೇ 60ರಿಂದ 75ಕ್ಕೆ ಏರಿಸಿತು. ಒಳ್ಳೆಯದೇ. ಆದರೆ ಮೇಲಿನ ಲೆಕ್ಕಕ್ಕೆ ಹಚ್ಚಿ ನೋಡಿ: ಶೇ 60 ಇದ್ದಾಗ 160 ಸಾಕಿತ್ತು, ಈಗ 200 ಬೇಕು. ಆ 40 ಬರುವುದು ಸೇವೆಯ ಪಾಲಿನಿಂದಲೇ. ಮಿತಿ ಎತ್ತರದಲ್ಲಿದ್ದಾಗ ಇದು ಕಣ್ಣಿಗೆ ಬೀಳುವುದಿಲ್ಲ, ಇಳಿದಾಗ ನೋಯಿಸುತ್ತದೆ.

2024ರಲ್ಲಿ ಈ ಕೊರತೆ ತುಂಬಲು ಕ್ಯಾಲಿಫೋರ್ನಿಯಾ ತನ್ನ ಬಜೆಟ್ಟಿನಿಂದ 10.3 ಕೋಟಿ ಡಾಲರ್ ಕೊಟ್ಟಿತು. ಅದು ಒಂದು ಸಲದ ಹಣ. ಮರುವರ್ಷಕ್ಕೆ ಆಶ್ರಯ ಮನೆಗಳು ಮತ್ತೆ ಹೋಗಿ ಕೇಳಲೇಬೇಕಿತ್ತು.